ಜಲವರ್ಣ ಚಿತ್ರಕಾರ ಕೆ. ವೆಂಕಟಪ್ಪನವರು

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗಾಗಿ ಪಾಠರೂಪದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿದಾಗ, ಆರೋಗ್ಯ, ಗಣಿತ, ಗೃಹಕೃತ್ಯ ಮೊದಲಾದ ಉಪಯೋಗದ ವಿಷಯಗಳೇ ಮೊದಲು ನಮ್ಮ ಕಣ್ಣೆದುರಿಗೆ ಬಂದು ನಿಂತವು. ಅವುಗಳನ್ನೆಲ್ಲ ಬದಿಗಿಟ್ಟು ಒಬ್ಬ ಚಿತ್ರಕಾರನ ಜೀವನವನ್ನು ನಾವು ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ಹಲವು ವರ್ಷಗಳ ಹಿಂದೆ, ನಾವು ಇನ್ನೂ ಸಹಶಿಕ್ಷಕಿಯ ಸ್ಥಾನದಲ್ಲಿದ್ದಾಗ, ಮೂಡಲಗಿಯ ಕಡೆಯ ರೈತರೊಬ್ಬರು ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದ ತಮ್ಮ ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯು ಚಿತ್ರಕಲೆಯ ಪರೀಕ್ಷೆಗೆ ಕುಳಿತೇ ತೀರುವೆನೆಂದು ಹಟ ಹಿಡಿದಿದ್ದಳು. ತಂದೆಯವರು ಬಾಗಿಲಲ್ಲಿ ನಿಂತುಕೊಂಡೇ, "ಅಕ್ಕಾರ, ಚಿತ್ರಾ ತಗದ್ರ ಮುಂದ ಹೊಟ್ಟಿ ತುಂಬತೈತೇನ್ರಿ? ನೀವು ಹೂಂ ಅಂದ್ರ ಕೂಡ್ರಸ್ತೇನಿ, ಬ್ಯಾಡಂದ್ರ ಬಿಡಸ್ತೇನಿ" ಎಂದರು. ಆ ದಿನ ನಾವು ಕೊಟ್ಟ ಉತ್ತರವನ್ನು ಈ ಲೇಖನದ ಕಡೆಯ ಭಾಗದಲ್ಲಿ ಹೇಳುವೆವು. ಅದಕ್ಕೆ ಮುಂಚೆ, ಇದೇ ಪ್ರಶ್ನೆಯನ್ನು ಎದುರಿಸಿ ಬಾಳಿದ ಒಬ್ಬ ಕನ್ನಡ ನಾಡಿನ ಪುರುಷನ ವೃತ್ತಾಂತವನ್ನು ತಾಯ್ತಂದೆಗಳೂ ನಮ್ಮ ಪೂರ್ವ ವಿದ್ಯಾರ್ಥಿನಿಯರೂ ಸಾವಧಾನದಿಂದ ಓದಬೇಕೆಂದು ಕೋರುತ್ತೇವೆ.

ವೃತ್ತಾಂತಕ್ಕೆ ಹೋಗುವ ಮೊದಲು ಜಲವರ್ಣವೆಂದರೇನು ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯವು. ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಅರೆದರೆ ತೈಲವರ್ಣವಾಗುವುದು. ಮರದ ಗೋಂದಿನಲ್ಲಿ ಅರೆದರೆ ಜಲವರ್ಣವಾಗುವುದು. ಗೋಕಾವಿಯ ಕರದಂಟನ್ನು ತಿನ್ನದ ಮಗುವು ನಮ್ಮ ಶಾಲೆಯಲ್ಲಿ ಇಲ್ಲವಷ್ಟೆ. ಅದಕ್ಕೆ ತುಪ್ಪದಲ್ಲಿ ಕರಿದು ಹಾಕುವ ಅಂಟೆಂಬುದೂ ಮರದಿಂದ ಒಸರಿದ ಗೋಂದೇ ಆಗಿರುತ್ತದೆ. ಅಂಥದೇ ಒಂದು ಬಗೆಯ ಗೋಂದು ಬಣ್ಣದ ಕಣಗಳನ್ನು ಕಾಗದಕ್ಕೆ ಹಿಡಿದಿಡುವುದು. ನೀರು ಆರಿಹೋದ ಮೇಲೆ ಉಳಿಯುವುದು ತೀರ ತೆಳುವಾದ ಒಂದು ಪೊರೆ ಮಾತ್ರ. ಬೆಳಕು ಈ ಪೊರೆಯೊಳಗಿಂದ ಹಾದು, ಕೆಳಗಿನ ಬಿಳಿಯ ಕಾಗದಕ್ಕೆ ತಾಕಿ, ಪುನಃ ನಮ್ಮ ಕಣ್ಣಿಗೆ ಹಿಂದಿರುಗುವುದು. ಆದುದರಿಂದ ಜಲವರ್ಣದ ಚಿತ್ರದಲ್ಲಿ ಕಾಣುವ ಹೊಳಪೆಲ್ಲ ಕಾಗದದ್ದು. ಬಿಳಿಯ ಬಣ್ಣವನ್ನು ಹಚ್ಚಿ ಬಿಳಿಯನ್ನು ತೋರಿಸುವ ಪದ್ಧತಿಯು ಇಲ್ಲಿ ಇಲ್ಲ. ಬಿಳಿ ಬೇಕಾದ ಕಡೆ ಕಾಗದವನ್ನು ಮುಟ್ಟದೆ ಬಿಡತಕ್ಕದ್ದು. ತಿಳಿಯಾದ ಬಣ್ಣಗಳನ್ನು ಮೊದಲು, ಗಾಢವಾದವುಗಳನ್ನು ಆಮೇಲೆ ಹಚ್ಚಬೇಕು. ಒಮ್ಮೆ ಗಾಢವಾದುದು ಪುನಃ ಮೊದಲಿನ ತಿಳಿತನಕ್ಕೆ ಬಾರದು. ತೈಲವರ್ಣದ ಚಿತ್ರಕಾರನು ತಪ್ಪನ್ನು ಕೆರೆದು ಹಾಕಿ ಅದರ ಮೇಲೆ ಮತ್ತೊಮ್ಮೆ ಬರೆಯಬಲ್ಲನು. ಜಲವರ್ಣದವನಿಗೆ ಆ ಭಾಗ್ಯವು ಬಹು ಸ್ವಲ್ಪ.

ಇದನ್ನು ಮಕ್ಕಳಿಗೆ ಕರಿಹಲಗೆಯ ಮೇಲೆ ಎಷ್ಟು ಹೇಳಿದರೂ ತಿಳಿಯದು. ಒಂದು ವರ್ಷ ಶ್ರಾವಣದಲ್ಲಿ ಎಂಟನೆಯ ಇಯತ್ತೆಯ ಹುಡುಗಿಯರನ್ನು ಗೋಕಾವಿಯ ಜಲಪಾತಕ್ಕೆ ಕರೆದುಕೊಂಡು ಹೋದೆವು. ಘಟಪ್ರಭೆಯು ಅಲ್ಲಿ ಸುಮಾರು 170 ಅಡಿಗಳಷ್ಟು ಆಳಕ್ಕೆ ಧುಮುಕುವುದನ್ನು ಈ ಭಾಗದವರಿಗೆ ನಾವು ವರ್ಣಿಸಬೇಕಾಗಿಲ್ಲ. ತೂಗುಸೇತುವೆಯ ಈಚೆ ಬಂಡೆಯ ಮೇಲೆ ಹುಡುಗಿಯರನ್ನು ಕುಳ್ಳಿರಿಸಿ, ಕಂಡದ್ದನ್ನು ಕಂಡಂತೆ ಬಿಡಿಸಿರೆಂದು ಹೇಳಿದೆವು. ಮೂವತ್ತು ಕಾಗದಗಳಲ್ಲಿ ಇಪ್ಪತ್ತೆಂಟರ ಮೇಲೆ ನೀರು ನೀಲಿಯಾಗಿತ್ತು! ಎದುರಿಗೆ ಬೀಳುತ್ತಿದ್ದ ನೀರಾದರೋ ಹೊಸ ಮಳೆಯ ಕೆಮ್ಮಣ್ಣನ್ನು ಹೊತ್ತು ಬೆಲ್ಲದ ಪಾಕದ ಬಣ್ಣವಾಗಿತ್ತು. "ನೀರು ನೀಲಿ ಎಂದು ಯಾರು ಹೇಳಿದರು?" ಎಂದು ಕೇಳಿದರೆ ಒಬ್ಬಳು, "ಪುಸ್ತಕದಾಗ ಹಂಗ ಐತ್ರಿ ಅಕ್ಕಾರ" ಎಂದಳು. ತಪ್ಪನ್ನು ತಿದ್ದಲು ಕೆಲವರು ನೀಲಿಯ ಮೇಲೆ ಕಂದು ಬಣ್ಣವನ್ನು ಹಚ್ಚಿದರು, ಅದು ಕೆಸರಾಯಿತು. ನೊರೆಯನ್ನು ತೋರಿಸಲು ಬಿಳಿಯನ್ನು ಬಳಿದರು, ಅದು ಸುಣ್ಣವಾಯಿತು. ಹಿಂದಿರುಗುವಾಗ ಮುಖಗಳು ಬಾಡಿದ್ದುವು. ಮಾರನೆಯ ದಿನ ತರಗತಿಯಲ್ಲಿ ನಾವು ವೆಂಕಟಪ್ಪನವರ ಊಟಿಯ ಚಿತ್ರಗಳ ಕೆಲವು ಪ್ರತಿಗಳನ್ನು ತೋರಿಸಿ, ಈ ಮನುಷ್ಯನು ಕಣ್ಣನ್ನೂ ಕೈಯನ್ನೂ ಪಳಗಿಸಲು ಎಷ್ಟು ವರ್ಷಗಳನ್ನು ಕಳೆದನೆಂಬುದನ್ನು ಹೇಳಿದೆವು. ಆ ದಿನ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ.

ಕೆ. ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಅವರದು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನ. ಗೋಕಾವಿಯಲ್ಲಿ ಕಟ್ಟಿಗೆಯ ಹಣ್ಣು ಕಾಯಿಗಳನ್ನೂ ಗೊಂಬೆಗಳನ್ನೂ ಮಾಡುವ ಮನೆಗಳನ್ನು ನೋಡಿದವರಿಗೆ ಇಂಥ ಮನೆತನದ ಶಿಕ್ಷಣವು ಹೇಗಿರುವುದೆಂದು ಊಹಿಸುವುದು ಕಷ್ಟವಲ್ಲ. ಅಲ್ಲಿ ಶಾಲೆಗೂ ಮನೆಗೂ ನಡುವೆ ಗೋಡೆಯಿಲ್ಲ. ಹಿರಿಯರು ಕೆಲಸ ಮಾಡುವ ಜಗಲಿಯಲ್ಲಿಯೇ ಹುಡುಗನು ಬಣ್ಣ ಅರೆಯುತ್ತಾನೆ, ಕುಂಚ ಕಟ್ಟುತ್ತಾನೆ, ಆಮೇಲೆ ಎಂದೋ ಒಂದು ದಿನ ಹಿರಿಯರು ಬಿಟ್ಟ ಗೆರೆಯನ್ನು ಮುಂದುವರಿಸುತ್ತಾನೆ. ಮೈಸೂರಿನ ಸಂಪ್ರದಾಯದ ಚಿತ್ರಗಾರರು ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಲಿನ ಲೇಖನಿಗಳನ್ನು ಮಾಡಿಕೊಳ್ಳುತ್ತಿದ್ದರು. ಸೂಕ್ಷ್ಮವಾದ ಗೆರೆಗಳಿಗೆ ಅಳಿಲಿನ ಕೂದಲಿನ ಕುಂಚವನ್ನು ಉಪಯೋಗಿಸುತ್ತಿದ್ದರು. ಮಕ್ಕಿ ಸಫೇದವೆಂಬ ಲೇಪದಿಂದ ಆಭರಣಗಳನ್ನು ಉಬ್ಬಿಸಿ ಅದರ ಮೇಲೆ ಬಂಗಾರದ ರೇಕನ್ನು ಕೂಡಿಸುತ್ತಿದ್ದರು. ಇದು ನಿಧಾನದ ಕೆಲಸ. ಒಂದು ಪಟವು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ವೆಂಕಟಪ್ಪನವರ ಕಡೆಯ ಚಿತ್ರಗಳಲ್ಲಿಯೂ ಎದ್ದು ಕಾಣುವ ಸಹನೆಯು ಈ ಜಗಲಿಯಿಂದಲೇ ಬಂದುದೆಂದು ನಮ್ಮ ಅಭಿಪ್ರಾಯ.

ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರವರು ಈ ತರುಣನ ಕೈಚಳಕವನ್ನು ಗುರುತಿಸಿ, 1909ರಲ್ಲಿ ಕಲಕತ್ತೆಯ ಸರ್ಕಾರೀ ಕಲಾಶಾಲೆಗೆ ಕಳುಹಿಸಿದರು. ಮನೆತನದ ಕಸಬಿನಲ್ಲಿ ಬೆಳೆದ ಹುಡುಗನಿಗೆ ಇದು ಬೇರೆಯೇ ಲೋಕವಾಗಿತ್ತು. ಶಾಲೆಯ ಪ್ರಧಾನರು ಪರ್ಸೀ ಬ್ರೌನರು. ಉಪಪ್ರಧಾನರು ಅವನೀಂದ್ರನಾಥ ಠಾಕೂರರು. ಇಂಗ್ಲಿಷರ ಚಿತ್ರಗಳ ಅನುಕರಣೆಯನ್ನು ಬಿಟ್ಟು ಭಾರತದ ಚಿತ್ರಕಲೆಯು ತನ್ನ ಕಾಲ ಮೇಲೆ ನಿಲ್ಲಬೇಕೆಂಬ ಹಂಬಲವು ಅಲ್ಲಿ ಆಗ ಬಲವಾಗಿತ್ತು. ಸಹಪಾಠಿಗಳಲ್ಲಿ ನಂದಲಾಲ ವಸು, ಅಸಿತಕುಮಾರ ಹಾಲ್ದಾರ್ ಮೊದಲಾದವರಿದ್ದರು. ಇವರಲ್ಲಿ ನಂದಲಾಲರು ಮುಂದೆ ಶಾಂತಿನಿಕೇತನದ ಕಲಾಭವನವನ್ನು ನಡೆಯಿಸಿ, ನಮ್ಮ ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಅಲಂಕರಿಸಿದವರು.

ಅವನೀಂದ್ರರು ಕಲಿಸಿದ ಜಲವರ್ಣದ ಕ್ರಮವು ವಿಚಿತ್ರವಾದುದು. 1903ರಲ್ಲಿ ತೈಕಾನ್, ಶುನ್ಸೋ ಎಂಬ ಇಬ್ಬರು ಜಪಾನೀ ಚಿತ್ರಕಾರರು ಕಲಕತ್ತೆಗೆ ಬಂದಿದ್ದರು. ತೈಕಾನರು ನೀರು ತುಂಬಿದ ಅಗಲವಾದ ಕುಂಚವನ್ನು ಕಾಗದದ ಮೇಲೆ ಎಳೆಯುವುದನ್ನು ನೋಡಿ ಅವನೀಂದ್ರರಿಗೆ ಒಂದು ಹೊಸ ವಿಚಾರ ಹೊಳೆಯಿತು. ಬಣ್ಣ ಹಚ್ಚಿ ಆರಿದ ಚಿತ್ರವನ್ನು ಇಡಿಯಾಗಿ ನೀರಿನಲ್ಲಿ ಅದ್ದಿ ತೆಗೆಯುವುದು. ಕಾಗದವು ಕುಡಿದಷ್ಟು ಬಣ್ಣ ಉಳಿದು ಹೆಚ್ಚಿನದು ತೊಳೆದುಹೋಗುವುದು. ಆರಿದ ಮೇಲೆ ಪುನಃ ಬಣ್ಣ, ಪುನಃ ನೀರು. ಹೀಗೆ ಹತ್ತಾರು ಸಲ ಮಾಡಿದರೆ ಚಿತ್ರಕ್ಕೆ ಮುಂಜಾವಿನ ಮಂಜು ಕವಿದಂಥ ಮೃದುತ್ವವು ಬರುವುದು. ಕಲಾವಿದರು ಇದನ್ನು ವಾಶ್ ಪದ್ಧತಿಯೆನ್ನುವರು. ಓದುವ ತಾಯಂದಿರು, ಇಷ್ಟು ಕಷ್ಟಪಟ್ಟು ಬರೆದುದನ್ನು ನೀರಿನಲ್ಲಿ ಅದ್ದುವುದೇ ಎಂದು ಬೆರಗಾಗಬಹುದು. ಸೀರೆಗೆ ಬಣ್ಣ ಹಾಕುವವರು ಮಾಡುವುದೂ ಅದನ್ನೇ ಅಲ್ಲವೆ? ನಿಲ್ಲದ ಬಣ್ಣವು ಹೋಗಲಿ, ನಿಲ್ಲುವುದು ನಿಲ್ಲಲಿ ಎಂಬುದೇ ಅದರ ತತ್ತ್ವ.

ವೆಂಕಟಪ್ಪನವರು ಈ ಪದ್ಧತಿಯನ್ನು ಚೆನ್ನಾಗಿ ಕಲಿತರೂ ಅದರಲ್ಲಿ ಪೂರ್ತಿಯಾಗಿ ಕರಗಿಹೋಗಲಿಲ್ಲ. ಇತರರ ಚಿತ್ರಗಳಲ್ಲಿ ಗೆರೆಯು ಮಂಜಿನೊಳಗೆ ಮಾಯವಾಗುವಾಗ, ಇವರ ಗೆರೆಯು ಅಳಿಲ ಕೂದಲಿನ ಕುಂಚದ ಬಿಗಿಯನ್ನು ಬಿಟ್ಟುಕೊಡದು. ಅರ್ಧನಾರೀಶ್ವರನ ಚಿತ್ರವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ವಿದ್ಯಾರ್ಥಿದಶೆಯಲ್ಲಿಯೇ ಇವರ ಕೆಲಸವು ಸಮುದ್ರದಾಚೆಗೂ ಹೋಯಿತು. ಸೋದರಿ ನಿವೇದಿತೆಯವರು ಆರಂಭಿಸಿ, 1911ರಲ್ಲಿ ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿಯವರು ಪೂರ್ತಿ ಮಾಡಿದ, ಹಿಂದೂ ಮತ್ತು ಬೌದ್ಧ ಪುರಾಣಗಳ ಇಂಗ್ಲಿಷ್ ಗ್ರಂಥವು 1913ರಲ್ಲಿ ಹೊರಬಿತ್ತು. ಅವನೀಂದ್ರರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ 32 ವರ್ಣಚಿತ್ರಗಳು ಅದರಲ್ಲಿರುವವು. ರಾಮಾಯಣದ ಭಾಗದ ಚಿತ್ರಗಳಲ್ಲಿ ವೆಂಕಟಪ್ಪನವರ ಕೈ ಇದೆ. ಮರುವರ್ಷ, ಭಾರತೀಯ ಶಿಲ್ಪ ಮತ್ತು ಚಿತ್ರಗಳಲ್ಲಿ ಶರೀರದ ಅಳತೆಯ ಕುರಿತು ಅವನೀಂದ್ರರು ಬರೆದ ಚಿಕ್ಕ ಪುಸ್ತಕಕ್ಕೆ ನಂದಲಾಲರೂ ಇವರೂ ರೇಖಾಚಿತ್ರಗಳನ್ನು ಬರೆದುಕೊಟ್ಟರು. ಮೈಸೂರಿನ ಒಂದು ಜಗಲಿಯಿಂದ ಹೊರಟ ಹುಡುಗನು ಮೂವತ್ತು ತುಂಬುವುದರೊಳಗೆ ಇಷ್ಟನ್ನು ಸಾಧಿಸಿದನು.

ಕಲಕತ್ತೆಯಲ್ಲಿ ಉಳಿದಿದ್ದರೆ ಹೆಸರೂ ಗೆಳೆಯರೂ ಬಳಗವೂ ಇನ್ನೂ ಬೆಳೆಯುತ್ತಿದ್ದವು. ಆದರೆ 1916ರ ಸುಮಾರಿಗೆ ಅವರು ಮೈಸೂರಿಗೆ ಹಿಂದಿರುಗಿದರು. ಇಲ್ಲಿಂದ ಮುಂದಿನ ಅವರ ಜೀವನವನ್ನು ಓದುವಾಗ ನಮಗೆ ಮೆಚ್ಚುಗೆಯ ಜೊತೆಗೆ ಒಂದಿಷ್ಟು ಅಂಜಿಕೆಯೂ ಆಗುವುದು. ಅವರು ಮದುವೆಯಾಗಲಿಲ್ಲ. ಮನಸ್ಸಿಗೆ ಒಪ್ಪದ ಕೆಲಸವನ್ನು ಹಣಕ್ಕಾಗಿ ಒಪ್ಪಿಕೊಳ್ಳುವ ಸ್ವಭಾವವೂ ಅವರದಲ್ಲ. ಇಷ್ಟು ಸಾಲದೆಂಬಂತೆ, ಪ್ರಾಯ ಕಳೆಯುತ್ತಿದ್ದಾಗ ವೀಣೆಯ ಕಡೆ ತಿರುಗಿ, ಮೈಸೂರಿನ ಮಹಾ ವೈಣಿಕರಾದ ಶೇಷಣ್ಣನವರ ಶಿಷ್ಯರಾದರು. ಶೇಷಣ್ಣನವರು 1926ರಲ್ಲಿ ತೀರಿಕೊಂಡರು. ಅದೇ ಕಾಲದ 'ವೀಣೆಯ ಹುಚ್ಚು' ಎಂಬ ಜಲವರ್ಣದ ಚಿತ್ರದಲ್ಲಿ ವೆಂಕಟಪ್ಪನವರು ತಮ್ಮನ್ನೇ ವಸ್ತುವಾಗಿ ಮಾಡಿಕೊಂಡಿದ್ದಾರೆ. ತನ್ನ ಹುಚ್ಚನ್ನು ತಾನೇ ಹೊರಗೆ ನಿಂತು ನೋಡಿ, ಅದಕ್ಕೆ ಆ ಹೆಸರನ್ನೇ ಇಟ್ಟು ಬರೆಯಬಲ್ಲವನಲ್ಲಿ ಹಾಸ್ಯಪ್ರಜ್ಞೆಯೂ ಇತ್ತೆಂದು ತೋರುತ್ತದೆ.

ನಮಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದುವು ಊಟಿಯ ಚಿತ್ರಗಳು. 1926ರಲ್ಲಿ ಅವರು ನೀಲಗಿರಿಯ ಆ ಊರಿನಲ್ಲಿ ಉಳಿದುಕೊಂಡು ದೇವದೇವತೆಗಳನ್ನೂ ಪುರಾಣಗಳನ್ನೂ ಬಿಟ್ಟು ಎದುರಿಗಿದ್ದ ಬೆಟ್ಟ, ಕೆರೆ, ಮರ, ಮೋಡಗಳನ್ನು ಜಲವರ್ಣದಲ್ಲಿ ಬರೆಯತೊಡಗಿದರು. ಅನಂತರ ಕೊಡೈಕನಾಲಿನ ದೃಶ್ಯಗಳನ್ನೂ ಬರೆದರು. ಆಗ ಅವರ ವಯಸ್ಸು ನಲವತ್ತು. ಗುರುಗಳು ಕಲಿಸಿದ ಮಂಜನ್ನು ಅಲ್ಲಿಯೂ ಬಿಡಲಿಲ್ಲ. ಆದರೆ ಈಗ ಅದು ನೀರಿನಲ್ಲಿ ಅದ್ದಿ ತೆಗೆದ ಮಂಜಾಗಿರದೆ, ಬೆಳಗಿನ ಆರು ಗಂಟೆಗೆ ಕೆರೆಯ ಮೇಲಿಂದ ಏಳುವ ನಿಜವಾದ ಮಂಜಾಯಿತು. ಕಡುಗಪ್ಪಾದ ಮರಗಳ ಸಾಲು, ಅದರ ಹಿಂದೆ ಸ್ವಲ್ಪ ತಿಳಿಯಾದ ಇನ್ನೊಂದು ಸಾಲು, ಅದರ ಹಿಂದೆ ಬೂದಿಬಣ್ಣದ ಗುಡ್ಡ, ಅದರ ಹಿಂದೆ ಇದೆಯೋ ಇಲ್ಲವೋ ಎಂಬಂತಹ ಮತ್ತೊಂದು ಗುಡ್ಡ. ಈ ಮೆಟ್ಟಿಲುಗಳನ್ನು ಒಂದೇ ಬಣ್ಣಕ್ಕೆ ನೀರನ್ನು ಹೆಚ್ಚು ಕಡಿಮೆ ಮಾಡುವುದರಿಂದ ತರಬೇಕು. ಬೆಳುದಿಂಗಳಿನ ದೃಶ್ಯದಲ್ಲಂತೂ ಬೆಳಕಿರುವಲ್ಲೆಲ್ಲ ಚಿತ್ರಕಾರನು ಕೈಯನ್ನು ಹಿಂದಕ್ಕೆ ಹಿಡಿದುಕೊಂಡಿರಬೇಕಾಗುವುದು.

ಇದರ ಕಷ್ಟವನ್ನು ತಿಳಿಯಬೇಕಾದರೆ ಹುಕ್ಕೇರಿಯ ಗುಮ್ಮಟಗಳನ್ನು ಸಂಜೆಯ ಹೊತ್ತಿನಲ್ಲಿ ಬಿಡಿಸಲು ಕುಳಿತು ನೋಡಬೇಕು. ಒಂದು ಸಲ ನಾವೇ ಕುಳಿತೆವು. ಗುಮ್ಮಟದ ಬೆಳಕಿನ ಮಗ್ಗುಲಿಗೂ ನೆರಳಿನ ಮಗ್ಗುಲಿಗೂ ನಡುವೆ ಎಲ್ಲಿಯೂ ಗೆರೆಯಿಲ್ಲ. ಬೆಳಕು ತಾನಾಗಿ ನೆರಳಾಗುತ್ತದೆ. ಕಾಗದವು ಹಸಿಯಾಗಿರುವಾಗಲೇ ಅದನ್ನು ತರಬೇಕು. ಚೈತ್ರ ವೈಶಾಖಗಳಲ್ಲಿ ನಮ್ಮ ಕಡೆಯ ಬಿಸಿಲಿಗೆ ಬಣ್ಣವು ಕುಂಚದ ತುದಿಯಲ್ಲಿಯೇ ಒಣಗಿ ಪಟ್ಟೆ ಪಟ್ಟೆಯಾಗುವುದು. ಆಷಾಢದಲ್ಲಾದರೆ ಅರ್ಧ ತಾಸಾದರೂ ಆರದೆ ಒಂದರೊಳಗೊಂದು ಹರಿಯುವುದು. ನಮ್ಮ ಗುಮ್ಮಟವು ಸುಟ್ಟ ರೊಟ್ಟಿಯಂತಾಯಿತು. ಆ ಕಾಗದವನ್ನು ಹರಿಯದೆ ಇಟ್ಟುಕೊಂಡಿದ್ದೇವೆ. ಮಕ್ಕಳು ತಮ್ಮ ಚಿತ್ರ ಕೆಟ್ಟಿತೆಂದು ಅಳುವಾಗ ತೋರಿಸಲು ಅನುಕೂಲವಾಗಿದೆ.

ವೆಂಕಟಪ್ಪನವರು ಜಲವರ್ಣವೊಂದನ್ನೇ ನಂಬಿದವರಲ್ಲ. ದಂತದ ಚಿಕ್ಕ ಹಲಗೆಗಳ ಮೇಲೆ ಮುಖಗಳನ್ನು ಬರೆಯುವುದರಲ್ಲಿ ಅವರು ನಿಪುಣರಾಗಿದ್ದರು. ಗಾರೆಯಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದರು. ಮೈಸೂರಿನ ಅರಮನೆಗಾಗಿ ಇಂಥ ಉಬ್ಬುಶಿಲ್ಪಗಳ ದೊಡ್ಡ ಕೆಲಸವನ್ನು ನಾಲ್ವಡಿಯವರು ಅವರಿಗೆ ವಹಿಸಿದ್ದರು. ಆದರೆ 1940ರ ಆಗಸ್ಟಿನಲ್ಲಿ ಆ ಪೋಷಕರು ತೀರಿಕೊಂಡರು. ಕೆಲಸವು ನಿಂತುಹೋಯಿತು. ಸಲ್ಲಬೇಕಾದ ಪ್ರತಿಫಲದ ವಿಷಯವಾಗಿ ಚಿತ್ರಕಾರರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು. ಅವರು ಮೈಸೂರನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದರು. ಬರಬರುತ್ತ ಜನರ ಕಣ್ಣಿಗೆ ಮರೆಯಾದರು. ಮುಂದೆ ಕೇಂದ್ರದ ಲಲಿತಕಲಾ ಅಕಾಡೆಮಿಯು ಅವರನ್ನು ತನ್ನ ಫೆಲೋ ಆಗಿ ಗೌರವಿಸಿತು. 1965ರಲ್ಲಿ ಅವರು ತೀರಿಕೊಂಡರು. ಅವರು ಉಳಿಸಿಕೊಂಡಿದ್ದ ಕೃತಿಗಳು ರಾಜ್ಯಕ್ಕೆ ಸೇರಿದವು. 1970ರ ದಶಕದಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರೀ ವಸ್ತುಸಂಗ್ರಹಾಲಯದ ಮಗ್ಗುಲಲ್ಲಿ, ಅವರ ಹೆಸರಿನ ಚಿತ್ರಶಾಲೆಯು ಸ್ಥಾಪಿತವಾಯಿತು. ಜಲವರ್ಣದ ಚಿತ್ರವು ಬಿಸಿಲನ್ನು ತಾಳದು. ಹೆಚ್ಚು ಬೆಳಕಿಗೆ ಇಟ್ಟರೆ ಬಣ್ಣವು ಕ್ರಮೇಣ ಹಾರಿಹೋಗುವುದು. ಆದುದರಿಂದ ಅವುಗಳನ್ನು ಮಂದವಾದ ಬೆಳಕಿನಲ್ಲಿ ನೋಡಬೇಕಾಗುತ್ತದೆ. ಮನೆಯಲ್ಲಿ ಮಕ್ಕಳ ಚಿತ್ರಗಳನ್ನು ಚೌಕಟ್ಟು ಹಾಕಿಸಿ ಕಿಟಕಿಯ ಎದುರಿಗೆ ತೂಗಹಾಕುವ ತಾಯ್ತಂದೆಗಳು ಈ ಮಾತನ್ನು ಗಮನಿಸಲಿ.

ಹಾಗಾದರೆ ಆ ರೈತರ ಪ್ರಶ್ನೆಗೆ ಈ ಜೀವನವು ಏನು ಉತ್ತರ ಕೊಡುವುದು? ನಾವು ಸುಳ್ಳು ಆಶೆಯನ್ನು ಹುಟ್ಟಿಸಲೊಲ್ಲೆವು. ಅರಸರ ಆಶ್ರಯವಿದ್ದಾಗ ವೆಂಕಟಪ್ಪನವರಿಗೆ ಕೆಲಸವಿತ್ತು. ಆ ಆಶ್ರಯವು ಹೋದ ಮೇಲೆ ಕಷ್ಟವಾಯಿತು. ಎಲ್ಲರಿಗೂ ಅರಸರು ದೊರೆಯುವುದಿಲ್ಲ. ಸಂಸಾರದ ಭಾರವನ್ನು ಹೊತ್ತವರು ಅವರಂತೆ ಎಲ್ಲವನ್ನೂ ತೊರೆದು ಕುಳ್ಳಿರಲಾರರು. ನಮ್ಮ ಹೆಣ್ಣುಮಕ್ಕಳಂತೂ ತೊರೆಯಲೇಬಾರದೆಂದು ಎಲ್ಲರೂ ಹೇಳುವರು. ಆದುದರಿಂದ ಇಲ್ಲಿ ಇನ್ನೊಬ್ಬರ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತವೆಂದು ತೋರುತ್ತದೆ.

ರುಮಾಲೆ ಚನ್ನಬಸವಯ್ಯನವರು 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದರು. ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು 1919ರಲ್ಲಿ ಸ್ಥಾಪಿಸಿದ ಕಲಾಮಂದಿರದಲ್ಲಿ ಅವರು ಚಿತ್ರಕಲೆಯನ್ನು ಕಲಿತರು. ಕೈ ಪಳಗುತ್ತಿದ್ದ ಹೊತ್ತಿಗೆ ಸ್ವಾತಂತ್ರ್ಯದ ಚಳವಳಿಯು ಕರೆಯಿತು. ಕುಂಚವನ್ನು ಕೆಳಗಿಟ್ಟು ಹೊರಟರು. ಡಾ. ಹರ್ಡೀಕರರು 1923ರಲ್ಲಿ ಆರಂಭಿಸಿದ ಸೇವಾದಳದಲ್ಲಿ ದುಡಿದರು. ಹರ್ಡೀಕರರ ಹೆಸರು ಘಟಪ್ರಭೆಯ ಆರೋಗ್ಯಧಾಮದ ಮೂಲಕ ನಮ್ಮ ಭಾಗದವರಿಗೆ ಪರಿಚಿತವೇ ಆಗಿದೆ. ಸೆರೆಮನೆ, ಸಾರ್ವಜನಿಕ ಸೇವೆ, 'ತಾಯಿನಾಡು' ಪತ್ರಿಕೆಯ ಸಂಪಾದಕತ್ವ, ವಿಧಾನ ಪರಿಷತ್ತಿನ ಸದಸ್ಯತ್ವ, ಹೀಗೆ ವರ್ಷಗಳು ಉರುಳಿದವು. 1960ರ ದಶಕದ ಆರಂಭದಲ್ಲಿ, ಐವತ್ತು ದಾಟಿದ ಮೇಲೆ, ರಾಜಕಾರಣದ ಗೊಡವೆಯನ್ನು ಬಿಟ್ಟು ಅವರು ಪುನಃ ಕುಂಚವನ್ನು ಹಿಡಿದರು. ಬೆಂಗಳೂರಿನ ಬೀದಿಗಳಲ್ಲಿಯೂ ತೋಟಗಳಲ್ಲಿಯೂ ಗುಲ್‌ಮೊಹರು, ಜಕರಂದ ಮೊದಲಾದ ಹೂಮರಗಳು ಅರಳುವ ಕಾಲಕ್ಕೆ ಆ ಮರಗಳ ಎದುರಿಗೇ ಕುಳಿತು ಜಲವರ್ಣದಲ್ಲಿಯೂ ತೈಲವರ್ಣದಲ್ಲಿಯೂ ಬರೆದರು. ವೆಂಕಟಪ್ಪನವರ ಬಣ್ಣವು ಪಿಸುಮಾತಾಡಿದರೆ ರುಮಾಲೆಯವರದು ಗಟ್ಟಿಯಾಗಿ ಹಾಡುತ್ತದೆ. 1988ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಕಾಲು ಶತಮಾನದಷ್ಟು ಎರಡನೆಯ ಆಯುಷ್ಯವು ಅವರಿಗೆ ದೊರೆಯಿತು.

ಇನ್ನು ನಮ್ಮ ಉತ್ತರದ ಮಾತು. ಆ ದಿನ ನಾವು ಹಾಜರಿಯ ಪುಸ್ತಕದ ಪಕ್ಕದಲ್ಲಿದ್ದ ಅಂಕಗಳ ಪಟ್ಟಿಯನ್ನು ತೆಗೆದು ನೋಡಿದೆವು. ಹುಡುಗಿಗೆ ಗಣಿತದಲ್ಲಿ ನೂರಕ್ಕೆ ಮೂವತ್ತೆಂಟು ಬಂದಿತ್ತು. "ಬಿಡಿಸಿರಿ" ಎಂದೆವು. "ಆ ಹೊತ್ತಿನಲ್ಲಿ ಲೆಕ್ಕಗಳನ್ನು ಮಾಡಲಿ." ತಂದೆಯವರು ಕೈಮುಗಿದು ಹೊರಟರು. ಹುಡುಗಿಯ ಕೈಯಲ್ಲಿ ಸುರುಳಿ ಸುತ್ತಿದ ಕಾಗದಗಳಿದ್ದವು. ನಮಗೆ ತೋರಿಸಬೇಕೆಂದೇ ಅವಳು ಅವುಗಳನ್ನು ತಂದಿದ್ದಳು. ನಾವು ಅವುಗಳನ್ನು ಬಿಚ್ಚಿ ನೋಡಲಿಲ್ಲ. ನಮ್ಮ ಸಲಹೆಯು ಸರಿಯೋ ತಪ್ಪೋ ಎಂಬುದನ್ನು ಯಾರಾದರೂ ವಾದಿಸಬಹುದು. ಹುಡುಗಿಯು ಗಣಿತದಲ್ಲಿ ತೇರ್ಗಡೆಯಾದಳೆಂಬುದೂ ನಿಜವೇ. ಆದರೆ ನೋಡದೆ ಹೇಳಿದೆವೆಂಬುದಕ್ಕೆ ನಮ್ಮಲ್ಲಿ ಸಮಾಧಾನವಿಲ್ಲ. ಮೈಸೂರಿನಲ್ಲಿ ಒಬ್ಬರು ನೋಡಿದರು, ಆದುದರಿಂದ ಒಬ್ಬ ಹುಡುಗನು ಕಲಕತ್ತೆಗೆ ಹೋದನು. ನೋಡುವುದಕ್ಕೆ ಅರಸುತನವೇ ಬೇಕೆಂದಿಲ್ಲ.

ಕಳೆದ ವರ್ಷ ಪೂರ್ವ ವಿದ್ಯಾರ್ಥಿನಿಯರ ಕೂಟಕ್ಕೆ ಆಕೆ ಬಂದಿದ್ದಳು. ಹುಕ್ಕೇರಿಗೆ ಕೊಟ್ಟಿದ್ದಾರೆ, ಎರಡು ಮಕ್ಕಳು, ಗಂಡನ ಅಂಗಡಿಯ ಲೆಕ್ಕಪತ್ರವನ್ನು ಆಕೆಯೇ ಬರೆಯುವಳು. "ನೀವು ಹೇಳಿದ್ದು ಛಲೋನ ಆತ್ರಿ ಅಕ್ಕಾರ, ಲೆಕ್ಕಾ ಬಂತು" ಎಂದು ನಕ್ಕಳು. ಆ ನಗುವಿನಲ್ಲಿ ಚುಚ್ಚುಮಾತು ಇರಲಿಲ್ಲ. ಆದುದರಿಂದಲೇ ಅದು ನಮಗೆ ಹೆಚ್ಚು ಚುಚ್ಚಿತು. ಈಗಲೂ ಚಿತ್ರ ಬಿಡಿಸುವಿಯೋ ಎಂದು ಕೇಳಿದೆವು. ಅಂಗಳದಲ್ಲಿ ರಂಗೋಲಿ ಹಾಕುವೆನು, ಬಣ್ಣದ ಪೆಟ್ಟಿಗೆಯು ಟ್ರಂಕಿನ ತಳದಲ್ಲಿದೆ, ಒಣಗಿ ಕಲ್ಲಾಗಿದೆ ಎಂದಳು. ಅದನ್ನು ತರಲು ಹೇಳಿದೆವು.

ಒಂದು ತಿಂಗಳ ಮೇಲೆ ಆಕೆ ತನ್ನ ಹಿರಿಯ ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬಂದಾಗ ಪೆಟ್ಟಿಗೆಯನ್ನೂ ತಂದಳು. ಹನ್ನೆರಡು ಬಿಲ್ಲೆಗಳ ಚಿಕ್ಕ ತಗಡಿನ ಪೆಟ್ಟಿಗೆ. ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು. ಬಿಲ್ಲೆಗಳು ಬೇಸಗೆಯ ಎರೆಯ ಹೊಲದಂತೆ ಬಿರುಕು ಬಿಟ್ಟಿದ್ದವು. ಮೇಲೆ ಹೇಳಿದ ಗೋಂದಿನ ಗುಣವನ್ನು ವಾಚಕರು ಇಲ್ಲಿ ನೆನೆಯಬೇಕು. ಎಣ್ಣೆಯ ಬಣ್ಣವು ಒಮ್ಮೆ ಗಟ್ಟಿಯಾದರೆ ತೀರಿತು, ಪುನಃ ಕರಗದು. ಗೋಂದು ಹಾಗಲ್ಲ, ಎಷ್ಟು ವರ್ಷ ಒಣಗಿದ್ದರೂ ನೀರು ತಾಕಿದರೆ ಮೆತ್ತಗಾಗುವುದು. ಪ್ರತಿಯೊಂದು ಬಿಲ್ಲೆಯ ಮೇಲೆ ಎರಡೆರಡು ಹನಿ ನೀರನ್ನು ಬಿಟ್ಟು, ಪ್ರವೇಶದ ಅರ್ಜಿಯನ್ನು ತುಂಬುವವರೆಗೆ ಕಾದೆವು. ನೀಲಿಯು ಮೊದಲು ಬಿಟ್ಟಿತು. ಅನಂತರ ಕಂದು, ಹಸುರು, ಹಳದಿಗಳು ಒಂದೊಂದಾಗಿ ಕುಂಚಕ್ಕೆ ಬಂದವು. ಕೆಂಪಿಗೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಬಿಳಿಯೊಂದು ಮಾತ್ರ ಕಡೆಯವರೆಗೂ ಕರಗಲಿಲ್ಲ; ಅದರ ಅವಶ್ಯವೂ ಇರಲಿಲ್ಲ. ಆಕೆ ಅರ್ಜಿಯ ಹಿಂಬದಿಯಲ್ಲಿಯೇ ಕಂದು ಬಣ್ಣದಿಂದ ನಾಲ್ಕು ಎಳೆತಗಳನ್ನು ಎಳೆದು, ನಡುವೆ ಕಾಗದವನ್ನು ಹಾಗೆಯೇ ಬಿಟ್ಟು, ಮಳೆಗಾಲದ ಜಲಪಾತವನ್ನು ತೋರಿಸಿದಳು. ನಾವು ಮಗುವಿಗೆ ಇನ್ನೊಂದು ಅರ್ಜಿಯನ್ನು ಕೊಟ್ಟೆವು.

ಈ ವರ್ಷದಿಂದ ಶನಿವಾರ ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕರವರೆಗೆ ಶಾಲೆಯ ಚಿತ್ರಕಲೆಯ ಕೋಣ���ಯು ಪೂರ್ವ ವಿದ್ಯಾರ್ಥಿನಿಯರಿಗೂ ತಾಯಂದಿರಿಗೂ ತೆರೆದಿರುವುದು. ಕಾಗದವನ್ನೂ ನೀರಿನ ಬಟ್ಟಲನ್ನೂ ಶಾಲೆಯೇ ಒದಗಿಸುವುದು. ಹಳೆಯ ಬಣ್ಣದ ಪೆಟ್ಟಿಗೆಗಳಿದ್ದವರು, ಒಣಗಿಹೋಗಿವೆ ಎಂದು ಹೊರಗೆ ಹಾಕದೆ, ಅವುಗಳನ್ನೇ ತರಬೇಕು.